ಗಂಟೆಗೆ ಅರ್ಧ ಲೋಟ ಹಾಲು: ಎದೆಯುರಿಯ ಪಥ್ಯ ಹುಟ್ಟಿದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ರಾತ್ರಿ ಊಟ ಮುಗಿಸಿ, ಹಾಗೇ ಹಾಸಿಗೆ ಮೇಲೆ ಬಿದ್ಕೊಂಡು ಈ ಸಂಚಿಕೆ ಕೇಳ್ತಾ ಇದ್ರೆ, ದಯವಿಟ್ಟು ಎದ್ದು ಕೂತ್ಕೊಳ್ಳಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಫ್ರಿಜ್‌ನಲ್ಲಿ ಯಾವಾಗಲೂ ಒಂದು ಸ್ಟೀಲ್ ಲೋಟ ಇರುತ್ತಿತ್ತು. ಅದರ ಮೇಲೊಂದು ಪುಟ್ಟ ತಟ್ಟೆ ಮುಚ್ಚಿರುತ್ತಿತ್ತು. ಒಳಗೆ ಕಾಯಿಸಿ ಆರಿಸಿದ ಹಾಲು. ಅದು ಅಪ್ಪನ ಲೋಟ, ನಾವು ಯಾರೂ ಮುಟ್ಟೋ ಹಾಗಿರಲಿಲ್ಲ. ರಾತ್ರಿ ಎರಡಕ್ಕೋ ಮೂರಕ್ಕೋ ಅಡುಗೆಮನೆ ಲೈಟ್ ಹತ್ತಿಕೊಳ್ಳೋದು, ಫ್ರಿಜ್ ಬಾಗಿಲ ಸದ್ದು, ಆಮೇಲೆ ಒಂದು ಉದ್ದನೆಯ ತೇಗು. ಅಪ್ಪನಿಗೆ ಎದೆಯುರಿ. ಯಾವುದೋ ಕಾಲದಲ್ಲಿ ಒಬ್ಬ ಡಾಕ್ಟರು ಹೇಳಿದ್ದರಂತೆ: ಖಾರ ಬಿಡಿ, ಹುಳಿ ಬಿಡಿ, ಉರಿ ಬಂದಾಗ ತಣ್ಣನೆ ಹಾಲು ಕುಡೀರಿ. ಅಪ್ಪ ಮಾತು ಮೀರುವವರಲ್ಲ. ಇಪ್ಪತ್ತು ವರ್ಷ ಉಪ್ಪಿನಕಾಯಿ ಮುಟ್ಟಲಿಲ್ಲ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತು, ಎಲ್ಲರೂ ಸಾರು ಸುರಿಯುವಾಗ ಅವರು ಅನ್ನಕ್ಕೆ ತುಪ್ಪ, ತೊವ್ವೆ ಹಾಕಿಸಿಕೊಂಡು ಸುಮ್ಮನೆ ಊಟ ಮುಗಿಸಿ ಏಳೋರು. ಇಷ್ಟೆಲ್ಲ ಬಿಟ್ಟರೂ ಎದೆಯುರಿ ಮಾತ್ರ ಅವರನ್ನು ಬಿಡಲಿಲ್ಲ.

ಈಗ ಅದೇ ಉರಿ ನನಗೂ ಶುರುವಾಗಿದೆ. ಅದೇ ಪಟ್ಟಿ ನನ್ನ ಫೋನಿಗೂ ಫಾರ್ವರ್ಡ್ ಆಗಿ ಬರ್ತಿದೆ. ಹಾಗಾಗಿ ಒಂದು ಪ್ರಶ್ನೆ ತಲೆಯಲ್ಲಿ ಕೂತಿತು: ಈ ಪಥ್ಯವನ್ನು ಮೊದಲು ಹೇಳಿದ್ದು ಯಾರು? ಹೇಳೋ ಮುಂಚೆ ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದರಾ?

ಮೊದಲು ಎರಡೇ ಮಾತಲ್ಲಿ ಶರೀರದ ಸಂಗತಿ. ನಾವು ನುಂಗಿದ್ದು ಅನ್ನನಾಳದ ಮೂಲಕ ಜಠರಕ್ಕೆ ಹೋಗುತ್ತೆ. ಇವೆರಡೂ ಸೇರುವ ಜಾಗದಲ್ಲಿ ಸ್ನಾಯುವಿನ ಒಂದು ಉಂಗುರ ಇದೆ. ಚೀಲದ ಬಾಯಿಗೆ ದಾರ ಎಳೆದು ಕಟ್ಟಿದ ಹಾಗೆ ಅಂದುಕೊಳ್ಳಿ. ನುಂಗುವಾಗ ಬಿಚ್ಚಿಕೊಳ್ಳುತ್ತೆ, ಆಮೇಲೆ ಬಿಗಿಯಾಗುತ್ತೆ. ಜಠರದ ಒಳಗೋಡೆಗೆ ಆಮ್ಲವನ್ನು ತಡೆದುಕೊಳ್ಳುವ ದಪ್ಪ ಲೋಳೆ ಪದರ ಇದೆ. ಅನ್ನನಾಳಕ್ಕೆ ಆ ಭಾಗ್ಯ ಇಲ್ಲ. ಉಂಗುರ ಹೊತ್ತಲ್ಲದ ಹೊತ್ತಿನಲ್ಲಿ ಸಡಿಲವಾದರೆ ಆಮ್ಲ ಮೇಲಕ್ಕೆ ನುಗ್ಗುತ್ತೆ, ಎದೆ ಉರಿಯುತ್ತೆ, ಬಾಯಿಗೆ ಹುಳಿನೀರು ಬರುತ್ತೆ. ಅಂದರೆ ಬಹಳಷ್ಟು ಜನರಲ್ಲಿ ತೊಂದರೆ ಆಮ್ಲ ಜಾಸ್ತಿಯಾಗಿದ್ದರಿಂದಲ್ಲ, ಅದು ಇರಬಾರದ ಜಾಗಕ್ಕೆ ಬಂದಿದ್ದರಿಂದ. ಈ ಮಾತು ನೆನಪಿನಲ್ಲಿರಲಿ. ಯಾಕೆಂದರೆ ನೂರಾರು ವರ್ಷ ವೈದ್ಯರು ನಿಗಾ ಇಟ್ಟಿದ್ದು ಆಮ್ಲದ ಮೇಲೆ, ಆ ಬಾಗಿಲಿನ ಮೇಲಲ್ಲ.

ನಮ್ಮ ಕಡೆಯಿಂದಲೇ ಶುರು ಮಾಡೋಣ. ಆಯುರ್ವೇದದಲ್ಲಿ ಇದಕ್ಕೆ ಹತ್ತಿರದ ಕಾಯಿಲೆ ಅಮ್ಲಪಿತ್ತ. ಸುಮಾರು 7–8ನೇ ಶತಮಾನದ ಮಾಧವನಿದಾನದಲ್ಲಿ ಇದಕ್ಕೇ ಒಂದು ಅಧ್ಯಾಯ ಇದೆ. ಕಾಶ್ಯಪ ಸಂಹಿತೆಯಲ್ಲೂ ಇದೆ. ಕಾಶ್ಯಪ ಸಂಹಿತೆ ಬಹುಕಾಲ ಕಣ್ಮರೆಯಾಗಿದ್ದ ಗ್ರಂಥ. ನೇಪಾಳದಲ್ಲಿ ಸಿಕ್ಕ ಹಸ್ತಪ್ರತಿಯನ್ನು ಅಲ್ಲಿನ ರಾಜಗುರು ಹೇಮರಾಜ ಶರ್ಮ ಸಂಪಾದಿಸಿ, 1938ರಲ್ಲಿ ಅಚ್ಚಾಯಿತು. ಅಮ್ಲಪಿತ್ತಕ್ಕೆ ಕಾರಣ ಅಂತ ಅದರಲ್ಲಿ ಕೊಟ್ಟಿರುವ ಪಟ್ಟಿ ಓದಿದರೆ ನಗು ಬರುತ್ತೆ, ಯಾಕಂದ್ರೆ ಅದು ನಮ್ಮ ಭಾನುವಾರದ ದಿನಚರಿ ಇದ್ದಂಗಿದೆ. ಮೊದಲು ತಿಂದದ್ದು ಕರಗುವ ಮುಂಚೆ ಮತ್ತೆ ತಿನ್ನೋದು, ತಂಗಳು, ಮದ್ಯ, ಕಬ್ಬಿನಿಂದ ಮಾಡಿದ ಸಿಹಿ, ಅವಲಕ್ಕಿ, ಊಟ ಮಾಡಿದ ತಕ್ಷಣ ಹಗಲು ನಿದ್ದೆ. ಆ ಪಟ್ಟಿಯಲ್ಲಿರುವ ಇನ್ನೆರಡು ಹೆಸರನ್ನು ಈಗಲೇ ಗುರುತು ಹಾಕಿಕೊಳ್ಳಿ: ಒಂದು ಹಾಲು ಮತ್ತು ಹಾಲಿನ ಪದಾರ್ಥ, ಇನ್ನೊಂದು ಹುರುಳಿ. ಎರಡೂ ಅತಿಯಾದರೆ ಕೆಟ್ಟದ್ದು ಅನ್ನುತ್ತೆ ಕಾಶ್ಯಪ. ಎರಡೂ ಈ ಕಥೆಯಲ್ಲಿ ಮತ್ತೆ ಬರ್ತವೆ.

ಔಷಧಕ್ಕೆ ಬಗ್ಗದಿದ್ದರೆ ಊರನ್ನೇ ಬಿಟ್ಟು ಬೇರೆ ಕಡೆ ಹೋಗಿ ಅನ್ನುವ ಸಲಹೆಯೂ ಅಲ್ಲಿದೆ. ನೀರು, ಜೌಗು ಹೆಚ್ಚಿರುವ ಸೀಮೆಯಲ್ಲಿ ಈ ಕಾಯಿಲೆ ಜಾಸ್ತಿ, ಒಣ ಸೀಮೆಗೆ ಹೋದರೆ ಇಳಿಯುತ್ತೆ ಅಂತ. ಬೆಂಗಳೂರು ಬಿಟ್ಟು ಊರಿಗೆ ಹೋದ ಎರಡೇ ದಿನಕ್ಕೆ ಹೊಟ್ಟೆ ಸರಿಹೋಯ್ತು ಅನ್ನೋ ಸ್ನೇಹಿತರು ನನಗೂ ಇದ್ದಾರೆ. ಅದು ಜಾಗದ ಮಹಿಮೆಯೋ, ಎಂಟು ಗಂಟೆಗೆ ಊಟ ಹಾಕುವ ಅಮ್ಮನ ಮಹಿಮೆಯೋ ಅನ್ನೋದು ಬೇರೆ ಮಾತು.

ಆದರೆ ಜಠರದೊಳಗೆ ನಿಜವಾಗಿ ಏನು ನಡೆಯುತ್ತೆ ಅಂತ ಯಾರೂ ಕಣ್ಣಾರೆ ಕಂಡಿರಲಿಲ್ಲ. ಕಂಡಿದ್ದು ಒಂದು ಅಪಘಾತದಿಂದ. 1822ರ ಜೂನ್ 6. ಅಮೆರಿಕದ ಮಹಾಸರೋವರಗಳ ನಡುವಿನ ಮ್ಯಾಕಿನಾ ದ್ವೀಪ. ತುಪ್ಪಳದ ವ್ಯಾಪಾರ ನಡೆಯುತ್ತಿದ್ದ ಜಾಗ. ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನೋ ಕೆನಡಾದ ಯುವ ಕೂಲಿಗೆ ತೀರಾ ಹತ್ತಿರದಿಂದ ಗುಂಡು ತಗುಲಿತು. ಬದುಕೋದಿಲ್ಲ ಅಂದುಕೊಂಡೇ ಸೇನೆಯ ವೈದ್ಯ ವಿಲಿಯಂ ಬೋಮಾಂಟ್ ಚಿಕಿತ್ಸೆ ಕೊಟ್ಟ. ಹುಡುಗ ಬದುಕಿದ. ಆದರೆ ಗಾಯ ಪೂರ್ತಿ ಮುಚ್ಚಲಿಲ್ಲ. ಎಡ ಪಕ್ಕೆಯಲ್ಲಿ ಜಠರಕ್ಕೆ ನೇರವಾಗಿ ತೆರೆಯುವ ಒಂದು ಕಿಂಡಿ ಉಳಿದುಬಿಟ್ಟಿತು.

ಬೋಮಾಂಟ್ ಆ ಕಿಂಡಿಯಲ್ಲಿ ಇಣುಕಿದ. 1825ರ ಆಗಸ್ಟ್ 1ರ ಮಧ್ಯಾಹ್ನ, ರೇಷ್ಮೆ ದಾರಕ್ಕೆ ಮಾಂಸದ ತುಂಡು, ಬ್ರೆಡ್, ಹಸಿ ಎಲೆಕೋಸು ಕಟ್ಟಿ ಒಳಗೆ ಇಳಿಬಿಟ್ಟ. ಸ್ವಲ್ಪ ಹೊತ್ತಿಗೊಮ್ಮೆ ಎಳೆದು, ಎಷ್ಟು ಕರಗಿದೆ ಅಂತ ನೋಡಿ ಬರೆದುಕೊಂಡ. ವರ್ಷಗಟ್ಟಲೆ ಇಂಥ 200ಕ್ಕೂ ಹೆಚ್ಚು ಪ್ರಯೋಗ ಮಾಡಿ 1833ರಲ್ಲಿ ಪುಸ್ತಕ ತಂದ. ಅದರಲ್ಲಿ ಯಾವ ತಿನಿಸು ಎಷ್ಟು ಹೊತ್ತಿಗೆ ಜೀರ್ಣ ಆಗುತ್ತೆ ಅನ್ನೋ ಕೋಷ್ಟಕ ಇದೆ: ಬೇಯಿಸಿದ ಅನ್ನ 1 ಗಂಟೆ, ಕಾಯಿಸಿದ ಹಾಲು 2 ಗಂಟೆ, ಹುರಿದ ಹಂದಿಮಾಂಸ 5 ಗಂಟೆ 15 ನಿಮಿಷ. ಒಬ್ಬನೇ ಒಬ್ಬ ಮನುಷ್ಯನ ಹೊಟ್ಟೆಯ ಲೆಕ್ಕ ಇದು. ಅದನ್ನೇ ಮುಂದೆ ಎಷ್ಟೋ ದಶಕ ಪಥ್ಯದ ಪುಸ್ತಕಗಳು ಎಲ್ಲರ ಹೊಟ್ಟೆಗೂ ಅನ್ವಯಿಸಿದವು. ರೋಗಿ ಸಿಟ್ಟಿನಲ್ಲಿದ್ದಾಗ ಜೀರ್ಣರಸದ ರೀತಿಯೇ ಬದಲಾಗುತ್ತೆ ಅನ್ನೋದನ್ನೂ ಬೋಮಾಂಟ್ ಗಮನಿಸಿದ್ದ.

ಸಿಟ್ಟು ಬರದೆ ಇರುತ್ತಾ ಹೇಳಿ. ಸೇಂಟ್ ಮಾರ್ಟಿನ್‌ಗೆ ಓದು ಬರಹ ಬರುತ್ತಿರಲಿಲ್ಲ. ಹೆಬ್ಬೆಟ್ಟಿನವನ ಹತ್ತಿರ ಕರಾರು ಬರೆಸಿಕೊಂಡು, ವರ್ಷಕ್ಕೆ 150 ಡಾಲರ್ ಕೊಟ್ಟು, ಮನೆಗೆಲಸವನ್ನೂ ಮಾಡಿಸಿ ಹೊಟ್ಟೆಯೊಳಗೂ ಪ್ರಯೋಗ ನಡೆಸಿದ ಕಥೆ ಇದು. ಅವನು ಮತ್ತೆ ಮತ್ತೆ ಕೆನಡಾಕ್ಕೆ ಓಡಿಹೋದ, ಮದುವೆಯಾದ, ಮಕ್ಕಳಾದವು. ಪಕ್ಕೆಯ ಕಿಂಡಿ ಹಾಗೇ ಇಟ್ಟುಕೊಂಡು, ಬೋಮಾಂಟ್ ತೀರಿಹೋದ ಮೇಲೂ 27 ವರ್ಷ ಬದುಕಿ 1880ರಲ್ಲಿ ಸತ್ತ. ವೈದ್ಯರಿಗೆ ಅವನ ಜಠರ ಬೇಕಿತ್ತು. ಮನೆಯವರು ಶವ ಕೊಳೆಯುವ ತನಕ ಕಾದು, ಯಾರೂ ಅಗೆಯದ ಹಾಗೆ ಆಳವಾಗಿ ಹೂತರು. ಜೀರ್ಣಕ್ರಿಯೆಯ ಪಾಠ ಓದುವಾಗ ನಮಗೆ ಬೋಮಾಂಟ್ ಹೆಸರು ಸಿಗುತ್ತೆ. ಕಿಂಡಿಯ ಯಜಮಾನನ ಹೆಸರು ಅಷ್ಟಾಗಿ ಸಿಗೋದಿಲ್ಲ, ಅದಕ್ಕೇ ಇಷ್ಟು ಉದ್ದ ಹೇಳಿದೆ.

ಇದೇ ಕಾಲಕ್ಕೆ ಲಂಡನ್ನಿನಲ್ಲಿ ವಿಲಿಯಂ ಪ್ರೌಟ್ ಎಂಬ ವೈದ್ಯ, ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಅಂತ 1824ರಲ್ಲಿ ಪ್ರಕಟಿಸಿದ. ಹೈಸ್ಕೂಲ್ ಲ್ಯಾಬ್‌ನಲ್ಲಿ ಮೇಷ್ಟ್ರು ಹುಷಾರು ಅಂತ ಬೈದು ಕೊಡ್ತಿದ್ದ ಅದೇ ಆಮ್ಲ ಹೊಟ್ಟೆಯಲ್ಲೇ ಇದೆ ಅಂತಾಯ್ತು. ಅಲ್ಲಿಂದ ವೈದ್ಯಲೋಕಕ್ಕೆ ಒಬ್ಬ ಖಳನಾಯಕ ಸಿಕ್ಕ. 1910ರಲ್ಲಿ ಕಾರ್ಲ್ ಶ್ವಾರ್ಟ್ಸ್ ಎಂಬ ಶಸ್ತ್ರವೈದ್ಯ ಆಮ್ಲ ಇಲ್ಲದೆ ಹೊಟ್ಟೆಹುಣ್ಣು ಇಲ್ಲ ಅನ್ನೋ ವಾದ ಮುಂದಿಟ್ಟ. ಹಾಗಿದ್ದರೆ ಆಮ್ಲವನ್ನು ಇಡೀ ದಿನ ತಟಸ್ಥ ಮಾಡಿಬಿಟ್ಟರೆ ಹುಣ್ಣು ಮಾಯುತ್ತೆ ಅಲ್ವಾ?

ಇಲ್ಲಿ ಬರ್ತಾರೆ ನಮ್ಮ ಅಪ್ಪನ ಹಾಲಿನ ಲೋಟದ ಮೂಲಪುರುಷ. ಷಿಕಾಗೋದ ಡಾಕ್ಟರ್ ಬರ್ಟ್ರಮ್ ಸಿಪ್ಪಿ. 1915ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ತಮ್ಮ ಪಥ್ಯವನ್ನು ಪ್ರಕಟಿಸಿದರು. ಬೆಳಿಗ್ಗೆ 7ರಿಂದ ಸಂಜೆ 7ರ ತನಕ, ಗಂಟೆ ಹೊಡೆದ ಹಾಗೆ, ಹಾಲು ಮತ್ತು ಕೆನೆ ಸಮಸಮ ಬೆರೆಸಿ 3 ಔನ್ಸ್. ಅಂದರೆ ಸುಮಾರು 90 ಮಿಲಿ, ನಮ್ಮ ಲೆಕ್ಕದಲ್ಲಿ ಅರ್ಧ ಲೋಟ. ಎರಡು ಹಾಲಿನ ನಡುವೆ ಅಡುಗೆ ಸೋಡಾ, ಮೆಗ್ನೀಷಿಯಾ, ಸುಣ್ಣದ ಅಂಶದ ಪುಡಿಗಳು. ಕೆಲವು ದಿನ ಕಳೆದ ಮೇಲೆ ಮೆತ್ತಗೆ ಬೇಯಿಸಿದ ಮೊಟ್ಟೆ, ಗಂಜಿಯಂಥದ್ದು. ರಾತ್ರಿ ನಳಿಕೆ ಹಾಕಿ ಜಠರ ಖಾಲಿ ಮಾಡೋದೂ ಇತ್ತು. ಖಾರ, ಮಸಾಲೆ, ನಾರು, ಸಿಪ್ಪೆ ಎಲ್ಲ ಬಂದ್. ಈ ಸಪ್ಪೆ ಪಥ್ಯ ಸಾಗರ ದಾಟಿ ಎಲ್ಲೆಡೆ ಹರಡಿತು. ಆಸ್ಪತ್ರೆಯ ಅಡುಗೆಮನೆಗಳಲ್ಲಿ, ಡಾಕ್ಟರುಗಳ ಚೀಟಿಯಲ್ಲಿ ದಶಕಗಟ್ಟಲೆ ಉಳಿಯಿತು.

ಸಿಪ್ಪಿ ದಡ್ಡರೇನಲ್ಲ. ಅವರ ಕಾಲದಲ್ಲಿ ಹುಣ್ಣು ಒಡೆದು ಜನ ಸಾಯುತ್ತಿದ್ದರು, ಶಸ್ತ್ರಚಿಕಿತ್ಸೆಯೂ ಅಪಾಯವೇ. ಹಾಲು ಕುಡಿದ ತಕ್ಷಣ ಉರಿ ತಣ್ಣಗಾಗೋದು ನಿಜ, ರೋಗಿಯ ಮುಖದಲ್ಲೇ ಅದು ಕಾಣುತ್ತೆ. ಆ ಸಮಾಧಾನವೇ ಎಲ್ಲರ ದಾರಿ ತಪ್ಪಿಸಿತು. 1976ರಲ್ಲಿ ಅಮೆರಿಕದ ಸಂಶೋಧಕರು ಹಾಲು ಕುಡಿದ ಮೇಲೆ ಜಠರ ಎಷ್ಟು ಆಮ್ಲ ಸುರಿಸುತ್ತೆ ಅಂತ ಅಳೆದರು. ಕೆನೆ ಇದ್ದ ಹಾಲು, ಕಡಿಮೆ ಕೆನೆಯದ್ದು, ಕೆನೆ ಪೂರ್ತಿ ತೆಗೆದದ್ದು, ಮೂರೂ ಆಮ್ಲವನ್ನು ಹೆಚ್ಚಿಸಿದವು. ಹಾಲಿನಲ್ಲಿರುವ ಪ್ರೋಟೀನು, ಕ್ಯಾಲ್ಸಿಯಂ ಎರಡೂ ಜಠರವನ್ನು ಆಮ್ಲ ಸುರಿಸುವಂತೆ ಕೆರಳಿಸುವಂಥವೇ. ಮೊದಲ ಗುಟುಕು ತಣಿಸುತ್ತೆ, ಸ್ವಲ್ಪ ಹೊತ್ತಿಗೆ ಜಠರ ಮತ್ತಷ್ಟು ಆಮ್ಲ ಸುರಿಸುತ್ತೆ. ಮತ್ತೆ ಉರಿ, ಮತ್ತೆ ಹಾಲು. ಅಪ್ಪ ಎರಡು ಗಂಟೆಗೊಮ್ಮೆ, ನಾಲ್ಕಕ್ಕೊಮ್ಮೆ ಯಾಕೆ ಏಳ್ತಿದ್ದರು ಅಂತ ಇದನ್ನು ಓದಿದ ದಿನ ನನಗೆ ಅರ್ಥ ಆಯ್ತು.

ಅದು ನಿದ್ದೆಗೆಟ್ಟ ಮಾತು. ಸಿಪ್ಪಿ ಪಥ್ಯ ಅದಕ್ಕಿಂತ ಕೆಟ್ಟದ್ದನ್ನೂ ಮಾಡಿತು. 1923ರಷ್ಟು ಹಿಂದೆಯೇ ಮೇಯೋ ಕ್ಲಿನಿಕ್ಕಿನ ವೈದ್ಯರು, ಈ ಪಥ್ಯದಲ್ಲಿದ್ದ ಕೆಲವರಿಗೆ ತಲೆನೋವು, ವಾಂತಿ, ಮೂತ್ರಪಿಂಡದ ತೊಂದರೆ ಕಾಣಿಸಿಕೊಳ್ಳುತ್ತಿದೆ ಅಂತ ವರದಿ ಮಾಡಿದ್ದರು. ಅಷ್ಟೊಂದು ಹಾಲು, ಅದರ ಮೇಲೆ ಸುಣ್ಣದ ಪುಡಿ ಸೇರಿ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತಿತ್ತು. 1960ರಲ್ಲಿ ಬಂದ ಇನ್ನೊಂದು ವರದಿ ಎದೆ ನಡುಗಿಸುವಂಥದ್ದು. ಅಮೆರಿಕ ಮತ್ತು ಬ್ರಿಟನ್ನಿನ ಆಸ್ಪತ್ರೆಗಳ ಶವಪರೀಕ್ಷೆ ದಾಖಲೆಗಳನ್ನು ಹೋಲಿಸಿ ನೋಡಿದಾಗ, ಹಾಲು-ಕೆನೆ ಪಥ್ಯದಲ್ಲಿದ್ದ ಹುಣ್ಣಿನ ರೋಗಿಗಳಲ್ಲಿ ಹೃದಯಾಘಾತದ ಗುರುತು, ಆ ಪಥ್ಯ ಮಾಡದವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಇಂಥ ಹೋಲಿಕೆಯಿಂದ ಕಾರಣ ಇದೇ ಅಂತ ಖಚಿತವಾಗಿ ಹೇಳೋಕೆ ಆಗಲ್ಲ. ಆದರೂ ಹೊಟ್ಟೆ ಉಳಿಸಿಕೊಳ್ಳೋಕೆ ಹೋದವರು ಹೃದಯ ಕಳೆದುಕೊಂಡಿರಬಹುದು ಅನ್ನೋ ಅನುಮಾನ ಸಣ್ಣದಲ್ಲ.

ಸರಿ, ಸಪ್ಪೆ ಊಟದಿಂದ ಹುಣ್ಣಾದರೂ ಬೇಗ ಮಾಯುತ್ತಿತ್ತಾ? 1956ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ ಅದೇ ಡಾಲ್. ಪಥ್ಯದ ಊಟ ಮಾಡಿದವರಿಗೂ ಮಾಮೂಲಿ ಊಟ ಮಾಡಿದವರಿಗೂ ಹುಣ್ಣು ಮಾಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡು ವರ್ಷ ಬಿಟ್ಟು ಅವರೇ ಇನ್ನೊಂದು ಪರೀಕ್ಷೆ ಮಾಡಿ ತೋರಿಸಿದ್ದು: ಜಠರದ ಹುಣ್ಣಿರುವವರು ಸಿಗರೇಟು ಬಿಟ್ಟರೆ ಹುಣ್ಣು ಚೆನ್ನಾಗಿ ಮಾಯುತ್ತೆ. ಅಲ್ಲಿಯತನಕ ವಾರ್ಡಿನಲ್ಲಿ ಮೆಣಸು ನಿಷಿದ್ಧ, ಸಿಗರೇಟಿನ ಮೇಲೆ ಅಷ್ಟು ಕಟ್ಟುನಿಟ್ಟಿಲ್ಲ. ಹೇಗಿದೆ ನೋಡಿ.

ಇಷ್ಟು ಹೊತ್ತು ಹುಣ್ಣಿನ ಮಾತಾಯ್ತು, ಎದೆಯುರಿ ಎಲ್ಲಿ ಹೋಯ್ತು ಅಂತ ನೀವು ಕೇಳಬಹುದು. ವಿಷಯ ಇರೋದೇ ಅಲ್ಲಿ. ಎದೆಯುರಿಗೆ ಪ್ರತ್ಯೇಕ ಕಾಯಿಲೆ ಅನ್ನೋ ಸ್ಥಾನವೇ ಬಹಳ ತಡವಾಗಿ ಸಿಕ್ಕಿದ್ದು. ನ್ಯೂಯಾರ್ಕಿನ ಆಶರ್ ವಿಂಕಲ್‌ಸ್ಟೈನ್ 1935ರಲ್ಲಿ ಐದು ಜನ ರೋಗಿಗಳ ವಿವರ ಕೊಟ್ಟು, ಜಠರದ ರಸ ಮೇಲೆ ಬಂದು ಅನ್ನನಾಳವನ್ನು ಸುಡುವುದೇ ಒಂದು ಬೇರೆ ಕಾಯಿಲೆ ಅಂದರು. 1940–50ರ ದಶಕದಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಫಿಲಿಪ್ ಆಲಿಸನ್ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿದರು. ಸ್ನಾಯುವಿನ ಆ ಉಂಗುರದ ಒತ್ತಡವನ್ನು ಅಳೆದು ತೋರಿಸಿದ್ದು 1956ರಲ್ಲಿ. ಹೊಸ ಕಾಯಿಲೆಗೆ ಹೊಸ ಪಥ್ಯ ಯಾರೂ ಕೂತು ಹುಡುಕಲಿಲ್ಲ. ಅಣ್ಣನ ಅಂಗಿ ತಮ್ಮನಿಗೆ ಬರೋ ಹಾಗೆ, ಹುಣ್ಣಿನ ಪಥ್ಯವೇ ಎದೆಯುರಿಗೂ ಬಂತು. ನಮ್ಮ ಅಪ್ಪ ಇಪ್ಪತ್ತು ವರ್ಷ ಹಾಕ್ಕೊಂಡಿದ್ದು ಆ ಅಂಗಿಯನ್ನೇ.

1970ರ ದಶಕದಲ್ಲಿ ಆ ಪಟ್ಟಿಗೆ ಇನ್ನಷ್ಟು ಹೆಸರು ಸೇರಿದವು. ನಳಿಕೆ ಇಳಿಸಿ ಉಂಗುರದ ಒತ್ತಡ ಅಳೆಯುವ ತಂತ್ರ ಈಗ ಕೈಗೆ ಬಂದಿತ್ತು. ಎಣ್ಣೆ-ಕೊಬ್ಬು ಕೊಟ್ಟರು, ಒತ್ತಡ ಇಳಿಯಿತು. ಚಾಕೊಲೇಟ್ ಕೊಟ್ಟರು, ಇಳಿಯಿತು. ಕಾಫಿ ಕೊಟ್ಟರೆ ಕಥೆ ಅಷ್ಟು ಸರಳ ಇರಲಿಲ್ಲ. 1975ರ ಒಂದು ಅಧ್ಯಯನದಲ್ಲಿ ಒತ್ತಡ ಏರಿತು, ಆಮ್ಲವೂ ಏರಿತು, ಕೆಫೀನ್ ತೆಗೆದ ಕಾಫಿ ಕೊಟ್ಟರೂ ಹಾಗೇ. ಇವೆಲ್ಲ ಬೆರಳೆಣಿಕೆಯಷ್ಟು ಜನರ ಮೇಲೆ, ಒಂದೆರಡು ಗಂಟೆ ನಡೆದ ಅಳತೆಗಳು. ವರ್ಷಗಟ್ಟಲೆ ಚಾಕೊಲೇಟ್ ಬಿಟ್ಟವರಿಗೆ ಎದೆಯುರಿ ಕಡಿಮೆ ಆಯ್ತಾ ಅನ್ನೋ ಪ್ರಶ್ನೆಗೆ ಅವು ಉತ್ತರ ಹೇಳಲಿಲ್ಲ. ಪಟ್ಟಿ ಮಾತ್ರ ಆಸ್ಪತ್ರೆಯ ಗೋಡೆಗೆ ಅಂಟಿಕೊಂಡಿತು.

ಹಾಗಾದರೆ ನಮ್ಮ ಮೆಣಸಿನಕಾಯಿ? ಇದಕ್ಕೆ ಉತ್ತರ ಹುಡುಕಿದ್ದು ದೆಹಲಿಯ ವೈದ್ಯರು. 1984ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರ ವರದಿ ಬಂತು. ಸಣ್ಣಕರುಳಿನ ಹುಣ್ಣಿದ್ದ 50 ಜನ. ಎಲ್ಲರಿಗೂ ಒಂದೇ ಔಷಧ ಉಪಚಾರ. ಅರ್ಧ ಜನಕ್ಕೆ ಅದರ ಜೊತೆಗೆ ದಿನಕ್ಕೆ 3 ಗ್ರಾಂ ಅಚ್ಚಮೆಣಸಿನ ಪುಡಿ. ನಾಲ್ಕು ವಾರ ಆದ ಮೇಲೆ ಎಂಡೋಸ್ಕೋಪಿ ಮಾಡಿ ನೋಡಿದರೆ ಎರಡೂ ಗುಂಪಿನಲ್ಲಿ ಹುಣ್ಣು ಹೆಚ್ಚುಕಮ್ಮಿ ಒಂದೇ ಥರ ಮಾಯ್ದಿತ್ತು. 1986ರಲ್ಲಿ ದೆಹಲಿಯಿಂದಲೇ ಹಾಲಿನ ಸರದಿ. 65 ರೋಗಿಗಳು. ಒಂದು ಗುಂಪಿಗೆ ಹಾಲಿನ ಪಥ್ಯ, ಇನ್ನೊಂದಕ್ಕೆ ಆಸ್ಪತ್ರೆಯ ಮಾಮೂಲಿ ಊಟ, ಔಷಧ ಇಬ್ಬರಿಗೂ ಒಂದೇ. ಹಾಲು ಕುಡಿದವರಲ್ಲೇ ಕಡಿಮೆ ಜನಕ್ಕೆ ವಾಸಿಯಾಗಿತ್ತು. ಷಿಕಾಗೋದಲ್ಲಿ ಶುರುವಾದ ಪಥ್ಯಕ್ಕೆ 70 ವರ್ಷದ ನಂತರ ದೆಹಲಿಯಿಂದ ಸಿಕ್ಕ ಉತ್ತರ ಇದು. ಕಾಶ್ಯಪ ಸಂಹಿತೆ ಹಾಲನ್ನು ಯಾವ ಪಟ್ಟಿಯಲ್ಲಿ ಇಟ್ಟಿತ್ತು, ನೆನಪಿದೆಯಲ್ಲ?

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇವು ಹುಣ್ಣಿನ ಪರೀಕ್ಷೆಗಳು, ಎದೆಯುರಿಯವಲ್ಲ. ಅನ್ನನಾಳ ಆಗಲೇ ಕೆರಳಿದ್ದರೆ ಖಾರ ತಾಗಿ ಉರಿಯೋದು ಎಷ್ಟೋ ಜನರ ಅನುಭವ. ಸಂಚಿಕೆ ಕೇಳಿದ್ದೀನಿ ಅಂತ ನಾಳೆಯೇ ಮಿರ್ಚಿ ಬಜ್ಜಿ ಗಾಡಿ ಮುಂದೆ ನಿಂತು ನನ್ನ ಹೆಸರು ಹೇಳಬೇಡಿ.

ಈಗ ಮೈಸೂರಿಗೆ ಬರೋಣ. 1950–60ರ ದಶಕದಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ, ಅಂದರೆ ಊರವರ ಮಿಷನ್ ಆಸ್ಪತ್ರೆಯಲ್ಲಿ, ಫ್ರಾಂಕ್ ಟೋವಿ ಅನ್ನೋ ಇಂಗ್ಲಿಷ್ ಶಸ್ತ್ರವೈದ್ಯ ಇದ್ದರು. ಅವರ ಆಪರೇಷನ್ ಟೇಬಲ್ಲಿಗೆ ಸಣ್ಣಕರುಳಿನ ಹುಣ್ಣಿನವರು ಸಾಲುಸಾಲಾಗಿ ಬರುತ್ತಿದ್ದರು. ಭಾರತದಲ್ಲಿ ಎಲ್ಲ ಕಡೆ ಹೀಗೇನಾ ಅಂತ ಅವರು ಬೇರೆ ಬೇರೆ ಸೀಮೆಯ ವೈದ್ಯರಿಂದ ಮಾಹಿತಿ ಕೂಡಿಸತೊಡಗಿದರು. ರೈಲ್ವೆ ಇಲಾಖೆಯ ವೈದ್ಯ ಎಸ್. ಎಲ್. ಮಲ್ಹೋತ್ರ ಕೂಡ 1964ರಲ್ಲಿ ಇದೇ ದಾರಿಯಲ್ಲಿದ್ದರು. ಅವರಿಗೆ ಸಿಕ್ಕ ಚಿತ್ರ ಇದು: ಅಕ್ಕಿ ಉಣ್ಣುವ ದಕ್ಷಿಣ ಮತ್ತು ಪೂರ್ವದಲ್ಲಿ ಈ ಹುಣ್ಣು ಜಾಸ್ತಿ, ರೊಟ್ಟಿ ತಿನ್ನುವ ವಾಯವ್ಯದಲ್ಲಿ ಕಡಿಮೆ. ರೊಟ್ಟಿಯನ್ನು ಅಗಿಯಬೇಕು, ಅಗಿದರೆ ಬಾಯಲ್ಲಿ ನೀರು ಬರುತ್ತೆ, ಆ ಜೊಲ್ಲೇ ರಕ್ಷಣೆ ಅನ್ನೋದು ಮಲ್ಹೋತ್ರ ಅವರ ವಾದ. ಟೋವಿ ಬೇರೆ ದಾರಿ ಹಿಡಿದರು. ಪಾಲಿಶ್ ಮಾಡದ ಗೋಧಿ, ಕೆಲವು ಕಿರುಧಾನ್ಯ, ಕೆಲವು ಕಾಳುಗಳಲ್ಲೇ ಹೊಟ್ಟೆ ಕಾಯುವ ಅಂಶ ಇರಬಹುದು ಅಂದರು. ಇಂಗ್ಲೆಂಡಿಗೆ ಹೋದ ಮೇಲೂ ಅದನ್ನು ಬಿಡದೆ ಸಂಗಡಿಗರ ಜೊತೆ ದಶಕಗಟ್ಟಲೆ ಇಲಿಗಳ ಮೇಲೆ ಪರೀಕ್ಷೆ ಮಾಡಿದರು. ಕಾಳುಗಳಿಂದ ತೆಗೆದ ಜಿಡ್ಡಿನ ಅಂಶ ಇಲಿಗಳಿಗೆ ಹುಣ್ಣಾಗದಂತೆ ತಡೆಯಿತು. ಅವರು ಪರೀಕ್ಷಿಸಿದ ಕಾಳುಗಳಲ್ಲಿ ಒಂದು ನಮ್ಮ ಹುರುಳಿ.

ಕಾಶ್ಯಪ ಬೇಡ ಅಂದಿದ್ದು, ಟೋವಿ ಒಳ್ಳೇದು ಅಂದಿದ್ದು, ಎರಡೂ ಅದೇ ಹುರುಳಿ. ಯಾರು ಸರಿ? ಕಾಶ್ಯಪ ಹೇಳಿದ್ದು ಅತಿಯಾಗಿ ತಿಂದ ಮನುಷ್ಯರ ಮಾತು. ಟೋವಿಯವರದ್ದು ಇಲಿಗೆ ಕೊಟ್ಟ ಜಿಡ್ಡಿನ ಸಾರ, ಅದೂ ಹುಣ್ಣಿನ ವಿಚಾರ. ಹುರುಳಿ ಬಸ್ಸಾರು ಉಂಡವರಿಗೆ ಎದೆ ಉರಿಯುತ್ತಾ ಇಲ್ವಾ ಅನ್ನೋ ಪ್ರಶ್ನೆಗೆ ಇವೆರಡರಿಂದಲೂ ಉತ್ತರ ಸಿಗಲ್ಲ. ನನಗೆ ಉರಿಯಲ್ಲ. ನಮ್ಮಕ್ಕನಿಗೆ ಉರಿಯುತ್ತೆ. ಒಂದೇ ಅಮ್ಮನ ಕೈಯಡುಗೆ.

ಹುಣ್ಣಿನ ಕಥೆ ಆಮೇಲೆ ಪೂರ್ತಿ ತಿರುವು ತಗೊಂಡಿದ್ದು ನಿಮಗೆ ಗೊತ್ತಿರಬಹುದು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್, ಬಹುಪಾಲು ಹುಣ್ಣಿಗೆ ಒಂದು ಬ್ಯಾಕ್ಟೀರಿಯಾ ಕಾರಣ ಅಂದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನೇ ಕುಡಿದು ಜಠರ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಣ್ಣಿಗೆ ಆ್ಯಂಟಿಬಯಾಟಿಕ್ ಸಿಕ್ಕಿತು, ಸಪ್ಪೆ ಪಥ್ಯ ಅಲ್ಲಿಂದ ಕಳಚಿಬಿತ್ತು. ಎದೆಯುರಿಗೆ ಮಾತ್ರ ಅದು ಅಂಟಿಕೊಂಡೇ ಇತ್ತು.

1980ರ ದಶಕದ ಕೊನೆಗೆ ಒಮೆಪ್ರಜೋಲ್ ಮಾರುಕಟ್ಟೆಗೆ ಬಂತು. ಇವತ್ತು ನಮ್ಮ ಬ್ಯಾಗಿನಲ್ಲಿರುವ, ಖಾಲಿ ಹೊಟ್ಟೆಗೆ ನುಂಗುವ ಮಾತ್ರೆಗಳೆಲ್ಲ ಆ ವಂಶದವೇ. ಬಹಳ ಒಳ್ಳೆ ಔಷಧ, ಅನ್ನನಾಳ ಸುಟ್ಟವರಿಗೆ ವರದಾನ. ಆದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಂಡು ತಿಂಗಳುಗಟ್ಟಲೆ ನುಂಗಿದ ಮೇಲೆ ಬಿಡೋದು ಕಷ್ಟ. 2009ರಲ್ಲಿ ಡೆನ್ಮಾರ್ಕಿನಲ್ಲಿ ಯಾವ ತೊಂದರೆಯೂ ಇಲ್ಲದ 120 ಜನರಲ್ಲಿ ಅರ್ಧದಷ್ಟು ಮಂದಿಗೆ 8 ವಾರ ಇಂಥ ಮಾತ್ರೆ, ಉಳಿದವರಿಗೆ ಸುಳ್ಳು ಮಾತ್ರೆ ಕೊಟ್ಟು ನೋಡಿದರು. ನಿಜವಾದ ಮಾತ್ರೆ ನಿಲ್ಲಿಸಿದ ಮೇಲೆ ಶೇ 40ಕ್ಕೂ ಹೆಚ್ಚು ಜನಕ್ಕೆ ಎದೆಯುರಿಯಂಥ ತೊಂದರೆ ಶುರುವಾಯ್ತು. ಮೊದಲು ಇಲ್ಲದಿದ್ದ ಎದೆಯುರಿ! ಹಾಗಾಗಿ ಈ ಮಾತ್ರೆ ಶುರು ಮಾಡೋದೂ ಬಿಡೋದೂ ಡಾಕ್ಟರ್ ಹತ್ತಿರ ಮಾತಾಡಿಯೇ ಆಗಲಿ.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿದಿದ್ದೇನು? 2006ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, 1975ರಿಂದ 2004ರ ನಡುವಿನ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ ಪ್ರತಿಯೊಂದು ಸಲಹೆಗೆ ಎಷ್ಟು ಪುರಾವೆ ಇದೆ ಅಂತ ನೋಡಿದರು. ಕಾಫಿ, ಚಾಕೊಲೇಟ್, ಹುಳಿಹಣ್ಣು, ಖಾರ ಬಿಟ್ಟರೆ ಎದೆಯುರಿ ಕಡಿಮೆ ಆಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಸಿಕ್ಕಿದ್ದು ಮೂರಕ್ಕೆ: ತೂಕ ಹೆಚ್ಚಿದ್ದರೆ ಇಳಿಸೋದು, ಮಂಚದ ತಲೆಕಡೆಯನ್ನು ಎತ್ತರಿಸೋದು, ಎಡಮಗ್ಗುಲಲ್ಲಿ ಮಲಗೋದು. ಅದಕ್ಕೂ ಒಂದು ವರ್ಷ ಮುಂಚೆ ಜಪಾನಿನ ಒಸಾಕಾದಿಂದ ಬಂದ ಅಧ್ಯಯನವೊಂದು ಊಟಕ್ಕೂ ನಿದ್ದೆಗೂ ನಡುವಿನ ಹೊತ್ತನ್ನು ಲೆಕ್ಕ ಹಾಕಿತ್ತು. ಊಟ ಮಾಡಿ 3 ಗಂಟೆಯೊಳಗೆ ಮಲಗುವವರಲ್ಲಿ, 4 ಗಂಟೆಯೋ ಇನ್ನೂ ಹೆಚ್ಚೋ ಬಿಟ್ಟು ಮಲಗುವವರಿಗಿಂತ, ಈ ಕಾಯಿಲೆಯ ಸಂಭವ ಸುಮಾರು 7 ಪಟ್ಟು ಅಂತ ಅದರ ಅಂದಾಜು. ಇದೂ ಹೋಲಿಕೆಯ ಅಧ್ಯಯನವೇ, ಕೊನೆಯ ಮಾತಲ್ಲ. ಆದರೆ ಶುರುವಿನಲ್ಲಿ ನಿಮ್ಮನ್ನು ಎದ್ದು ಕೂರೋಕೆ ಹೇಳಿದ್ದು ಇದಕ್ಕೇ. ತುಂಬಿದ ಚೀಲವನ್ನು ಅಡ್ಡ ಮಲಗಿಸಿದರೆ ಬಾಯಿಗೆ ಬರುತ್ತೆ, ಅಷ್ಟೇ ಲೆಕ್ಕ.

ಎಡಮಗ್ಗುಲು ಅಂದಾಗ ಒಂದು ಮಾತು ಹೊಳೀತು. ಮಧ್ಯಾಹ್ನ ಉಂಡು ಒಂದು ಕೋಳಿನಿದ್ದೆ ತೆಗೆಯೋದಕ್ಕೆ ನಮ್ಮಲ್ಲಿ ವಾಮಕುಕ್ಷಿ ಅಂತಾರಲ್ಲ. ವಾಮ ಅಂದರೆ ಎಡ, ಕುಕ್ಷಿ ಅಂದರೆ ಹೊಟ್ಟೆ. ನಾವು ನಿದ್ದೆಯನ್ನು ಇಟ್ಟುಕೊಂಡು ಮಗ್ಗುಲನ್ನು ಮರೆತೆವು. ಎಡಕ್ಕೆ ಮಲಗಿದಾಗ ಜಠರದ ದೊಡ್ಡ ಭಾಗ ಕೆಳಗೆ, ಅನ್ನನಾಳದ ಬಾಯಿ ಮೇಲೆ ಉಳಿಯುತ್ತೆ. ಬಲಕ್ಕೆ ಮಲಗಿದರೆ ಅದು ತಿರುಗುಮುರುಗು.

ನನಗೆ ಅನ್ನಿಸಿದ್ದು ಇಷ್ಟು. ನೂರು ವರ್ಷ ನಾವು ಏನು ತಿನ್ನಬಾರದು ಅಂತ ಪಟ್ಟಿ ಹಿಡ್ಕೊಂಡು ಕೂತೆವು. ಯಾವಾಗ, ಎಷ್ಟು, ತಿಂದ ಮೇಲೆ ಹೇಗೆ ಅನ್ನೋದಕ್ಕೆ ಅಷ್ಟು ಗಮನ ಕೊಡಲಿಲ್ಲ. ಪಟ್ಟಿ ಕೊಡೋದು ಸುಲಭ. ರಾತ್ರಿ ಪಾಳಿಯ ಕೆಲಸ ಮಾಡಿ ಒಂದು ಗಂಟೆಗೆ ಬಿರಿಯಾನಿ ತರಿಸಿಕೊಳ್ಳೋ ಹುಡುಗನಿಗೆ, ಪಿಜಿಯಲ್ಲಿ ಹತ್ತು ಗಂಟೆಗೆ ಊಟ ಹಾಕಿಸಿಕೊಳ್ಳೋ ಹುಡುಗಿಗೆ ಬೇಗ ಉಣ್ಣಿ ಅನ್ನೋದು ಅಷ್ಟು ಸುಲಭ ಅಲ್ಲ. ನಿಮಗೆ ಯಾವುದು ಆಗಿಬರಲ್ಲ ಅನ್ನೋದನ್ನು ಎರಡು ವಾರ ಫೋನಿನ ನೋಟ್ಸ್‌ನಲ್ಲಿ ಬರೆದು ನೋಡಿ. ಏನು ತಿಂದಿರಿ, ಎಷ್ಟು ಹೊತ್ತಿಗೆ, ಯಾವಾಗ ಉರಿಯಿತು. ಟೊಮ್ಯಾಟೊ ಉರಿಸಿದರೆ ಟೊಮ್ಯಾಟೊ ಬಿಡಿ. ಉರಿಸದಿದ್ದರೆ ಪಕ್ಕದ ಮನೆಯವರ ಪಟ್ಟಿ ನೋಡಿ ಬಿಡಬೇಡಿ.

ಇನ್ನೊಂದು, ಇದು ತಮಾಷೆಯ ಮಾತಲ್ಲ. ನುಂಗೋಕೆ ಕಷ್ಟ, ಕಾರಣವಿಲ್ಲದೆ ತೂಕ ಇಳಿಯೋದು, ವಾಂತಿಯಲ್ಲಿ ರಕ್ತ, ಟಾರಿನಂತೆ ಕಪ್ಪು ಮಲ ಇದ್ದರೆ ಪಥ್ಯ ಮಾಡ್ತಾ ಕೂರದೆ ಡಾಕ್ಟರ್ ಹತ್ತಿರ ಹೋಗಿ. ಎದೆಯ ನೋವು ಕೈಗೆ, ದವಡೆಗೆ ಹರಡಿ, ಬೆವರು, ಉಸಿರಾಟದ ಕಷ್ಟ ಸೇರಿಕೊಂಡರೆ ಅದನ್ನು ಗ್ಯಾಸ್ ಅಂದುಕೊಂಡು ಸೋಡಾ ಕುಡಿಯುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಕಳೆದ ವರ್ಷ ಅಪ್ಪನ ಮಂಚದ ತಲೆಕಡೆ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇಟ್ಟೆವು. ಅಮ್ಮನಿಗೆ ಅದು ನೋಡೋಕೆ ಚೆನ್ನಾಗಿಲ್ಲ ಅಂತ ಸಿಟ್ಟು. ರಾತ್ರಿಯ ಊಟ ಒಂಬತ್ತೂವರೆಯ ಸೀರಿಯಲ್ ಮುಗಿದ ಮೇಲಿನಿಂದ ಏಳೂವರೆಗೆ ಬಂತು, ಅದಕ್ಕಂತೂ ಮನೆಯಲ್ಲಿ ದೊಡ್ಡ ಮಾತುಕತೆಯೇ ಆಯ್ತು. ಈಗ ರಾತ್ರಿ ಅಡುಗೆಮನೆ ಲೈಟ್ ಹತ್ತೋದು ಕಡಿಮೆ. ಹೋದ ತಿಂಗಳು ನಮ್ಮ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಬಡಿಸೋ ಹುಡುಗ ಉಪ್ಪಿನಕಾಯಿ ಬಕೆಟ್ ಹಿಡ್ಕೊಂಡು ಅಪ್ಪನ ಎಲೆ ದಾಟಿ ಮುಂದಕ್ಕೆ ಹೋಗಿಬಿಟ್ಟ. ಅಪ್ಪ ಅವನನ್ನು ಕೂಗಿ ಕರೆದರು.